ಪತ್ಥರ್‌ಗಟ್ಟಿ: ಹೈದರಾಬಾದಿನ ಕಲ್ಲುಕಮಾನುಗಳ ಪೇಟೆ

ಚಾರ್‌ಮಿನಾರ್‌ನಿಂದ ಉತ್ತರಕ್ಕೆ, ಮೂಸಿ ನದಿಯತ್ತ ಸಾಗುವ ರಸ್ತೆಯ ಇಕ್ಕೆಲಗಳಲ್ಲಿರುವ ಕಲ್ಲಿನ ಅಂಗಡಿಸಾಲು ಪತ್ಥರ್‌ಗಟ್ಟಿ. 1591ರಲ್ಲಿ ಸ್ಥಾಪನೆಯಾದ ನಗರದ ಹಳೆಯ ವ್ಯಾಪಾರಬೀದಿ ಇದು. ಈಗ ಕಾಣುವ ಕಟ್ಟಡಗಳು ಮಾತ್ರ ಇಪ್ಪತ್ತನೇ ಶತಮಾನದವು.

1908ರ ಮೂಸಿ ಪ್ರವಾಹ ಸಾವಿರಾರು ಜೀವಗಳನ್ನು ಬಲಿ ತೆಗೆದುಕೊಂಡಿತು. ಆ ದುರಂತದ ಬಳಿಕ ರಾಜಧಾನಿಯನ್ನು ಹೊಸದಾಗಿ ರೂಪಿಸಲು ನಿಜಾಮ್ ಸರ್ಕಾರ 1912ರಲ್ಲಿ ನಗರ ಸುಧಾರಣಾ ಮಂಡಳಿಯನ್ನು ನೇಮಿಸಿತು. ಮಂಡಳಿ ಇಕ್ಕಟ್ಟಾದ ಬೀದಿಯನ್ನು ಅಗಲಗೊಳಿಸಿ, ಕೆಳಗೆ ಅಂಗಡಿ, ಮೇಲೆ ಮನೆ ಇರುವ ಈ ಸಾಲನ್ನು ಕಟ್ಟಿಸಿತು. ಕಲ್ಲು ದಖ್ಖನ್ನಿನದೇ ಆದ ಗಟ್ಟಿ ಗ್ರಾನೈಟ್. 1935ರ ಮೊಅಜ್ಜಂ ಜಾಹಿ ಮಾರುಕಟ್ಟೆಗೂ ಇದೇ ಕಲ್ಲು.

ಗಮನಿಸಬೇಕಾದದ್ದು ಅಂಗಡಿಗಳ ಮುಂದಿನ ಮೊನೆಗಮಾನುಗಳು. ಒಳಗೆ ಮಾರುವ ಸರಕು ಮುತ್ತಾಗಲಿ, ಅತ್ತರಾಗಲಿ, ಸೀರೆಯಾಗಲಿ, ಹೊರಗಿನ ಕಮಾನು ಒಂದೇ ಬಗೆಯದು. ನಾಮಫಲಕಗಳ ಮೇಲಕ್ಕೆ ಕಣ್ಣು ಹಾಯಿಸಿದರೆ ಆ ಸಾಲು ಸ್ಪಷ್ಟವಾಗಿ ಕಾಣುತ್ತದೆ. ಕಮಾನುಗಳ ಹಿಂದಿನ ಮೊಗಸಾಲೆ ಗಿರಾಕಿಗಳಿಗೆ ಬಿಸಿಲು, ಮಳೆಯಿಂದ ಆಸರೆ ಕೊಡಲೆಂದೇ ಇದೆ. ಬೀದಿಗೆ ಇಷ್ಟು ಘನತೆ ತಂದಿರುವುದು ಈ ಏಕರೂಪದ ಮುಖವೇ.

ಈ ಪೇಟೆ ಕನ್ನಡಿಗರಿಗೂ ಹೊರಗಿನದಲ್ಲ: 1956ರವರೆಗೆ ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳಿಗೂ ಹೈದರಾಬಾದೇ ರಾಜಧಾನಿಯಾಗಿತ್ತು.