ನನಗೆ ಕನ್ನಡ ಬರುತ್ತದೆ

ಹಲವು ವರ್ಷಗಳ ಹಿಂದಿನ ಮಾತು. ಕನಕದಾಸರ ಕೀರ್ತನೆಗಳನ್ನು ಅಭ್ಯಾಸ ಮಾಡಲು ಬಂದಿದ್ದ ಜರ್ಮನ್ ವಿದ್ಯಾರ್ಥಿಯೊಬ್ಬನನ್ನು ಕಾಗಿನೆಲೆಗೆ ಕರೆದುಕೊಂಡು ಹೋಗಿದ್ದೆ. ನಮ್ಮ ಭಾಷೆಯ ವ್ಯಾಕರಣವನ್ನು ಆತ ತನ್ನ ದೇಶದಲ್ಲೇ ಮೂರು ತಿಂಗಳು ಓದಿಕೊಂಡಿದ್ದ. ಆದಿಕೇಶವನ ಗುಡಿಯ ಬಳಿ ಕುಳಿತಿದ್ದ ಅಜ್ಜಿಯೊಬ್ಬಳಿಗೆ ಕೈಮುಗಿದು, “ನಾನು ಕನ್ನಡವನ್ನು ತಿಳಿಯುತ್ತೇನೆ” ಎಂದ. ಆಕೆ ನಕ್ಕು, “ಕನ್ನಡ ಬರ್ತೈತೇನ್ರಿ ನಿಮಗ? ಭಾಳ ಚಲೋ ಆತು. ನಮಗ ನಿಮ್ಮ ಭಾಷಾ ಬರಂಗಿಲ್ರಿ” ಎಂದಳು.

ಹುಡುಗ ನನ್ನತ್ತ ತಿರುಗಿ ಕೇಳಿದ: “ಈ ವಾಕ್ಯದಲ್ಲಿ ಕರ್ತೃ ಯಾರು?” ಎಂ.ಎ. ತರಗತಿಯಲ್ಲಿ ಕೇಶಿರಾಜನ ಸೂತ್ರಗಳನ್ನು ಬಾಯಿಪಾಠ ಮಾಡಿದ್ದ ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ.

ಉತ್ತರ ಏಕೆ ಹೊಳೆಯಲಿಲ್ಲ ಎಂಬುದಕ್ಕೆ ಕಾರಣವನ್ನು ಇತಿಹಾಸದಲ್ಲಿ ಹುಡುಕಬೇಕು. ಸುಮಾರು 1260ರಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ವನ್ನು ರಚಿಸಿದ್ದು ಕನ್ನಡವನ್ನು ಬಲ್ಲವರಿಗಾಗಿ, ಕಾವ್ಯದ ನುಡಿ ಕೆಡದಿರಲೆಂದು. 1604ರಲ್ಲಿ ಭಟ್ಟಾಕಳಂಕ ‘ಕರ್ಣಾಟಕ ಶಬ್ದಾನುಶಾಸನ’ವನ್ನು ಬರೆದದ್ದು ಸಂಸ್ಕೃತದಲ್ಲಿ, ಪಂಡಿತರಿಗಾಗಿ. ಸಂತೆಯಲ್ಲಿ ನಿಂತು ನೀರು ಕೇಳಬೇಕಾದ ಪರಕೀಯನನ್ನು ಇವರಿಬ್ಬರೂ ನೆನೆಯಬೇಕಾದ ಅಗತ್ಯವಿರಲಿಲ್ಲ.

ಆ ಪರಕೀಯ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ದೂರದ ಬಂಗಾಳದ ಶ್ರೀರಾಮಪುರದಲ್ಲಿ ಅಚ್ಚಾಯಿತು. ಮೆಕೆರೆಲ್ಲನದು 1820ರಲ್ಲಿ ಮದರಾಸಿನಲ್ಲಿ, ಹಾಡ್ಸನ್ನನದು 1859ರಲ್ಲಿ ಬೆಂಗಳೂರಿನಲ್ಲಿ ಹೊರಬಂದವು. ಇವುಗಳ ಹಿಂದಿದ್ದದ್ದು ಬರಿಯ ಭಾಷಾಪ್ರೇಮವಲ್ಲ. ಆಳುವವರಿಗೆ ಕಚೇರಿ ನಡೆಯಬೇಕಿತ್ತು, ಪಾದ್ರಿಗಳಿಗೆ ಧರ್ಮಪ್ರಚಾರವಾಗಬೇಕಿತ್ತು. ಆದರೂ ಅವಸರದಲ್ಲಿರುವವನ ಕಣ್ಣು ಕೆಲವನ್ನು ಬೇಗ ಕಾಣುತ್ತದೆ.

ಒಂದು ಕೀಲಿಯಿಂದ ಎಷ್ಟು ಬೀಗ ತೆರೆಯಬಹುದೆಂದು ಅವನು ಹುಡುಕುತ್ತಾನೆ. ಲ್ಯಾಟಿನ್ನಿನಲ್ಲಿ ಬಹುವಚನದ ವಿಭಕ್ತಿರೂಪಗಳೇ ಬೇರೆ. ನಮ್ಮಲ್ಲಿ ‘ಮರವನ್ನು’ ಎಂಬುದನ್ನು ಕಲಿತವನು ‘ಮರಗಳನ್ನು’ ಎನ್ನಬಲ್ಲ, ಪ್ರತ್ಯಯ ಅದೇ. ‘ಎದ್ದು, ಮುಖ ತೊಳೆದು, ರೊಟ್ಟಿ ತಿಂದು, ಹೊಲಕ್ಕೆ ಹೋದನು’ ಎಂಬಲ್ಲಿ ಲಿಂಗ, ವಚನ, ಪುರುಷಗಳ ಭಾರವೆಲ್ಲ ಕೊನೆಯ ಕ್ರಿಯಾಪದದ ಮೇಲೆ. ‘ನಿನ್ನೆ ಬಂದ ಹುಡುಗ’ ಎನ್ನುವಾಗ ‘ಯಾವನು’, ‘ಅವನು’ ಎಂದು ಎರಡು ವಾಕ್ಯಗಳನ್ನು ಹೊಲಿಯಬೇಕಾಗಿಲ್ಲ. ಇಷ್ಟನ್ನು ಹಿಡಿದವನಿಗೆ ಕನ್ನಡದ ಅಸ್ಥಿಪಂಜರ ಕೆಲವು ವಾರಗಳಲ್ಲಿ ಕೈಗೆ ಸಿಗುತ್ತದೆ.

ಆದರೆ ರಕ್ತಮಾಂಸಗಳಿಗೆ ಎಷ್ಟು ಕಾಲ ಬೇಕು? ಬಾಸೆಲ್ ಮಿಶನ್ನಿನ ಫರ್ಡಿನಾಂಡ್ ಕಿಟ್ಟೆಲರು ನಮ್ಮ ನಾಡಿಗೆ ಬಂದದ್ದು 1853ರಲ್ಲಿ. ಕನ್ನಡವನ್ನು ಆಳವಾಗಿ ಅರಿಯಬೇಕಾದಾಗ ಅವರು ಕೇಶಿರಾಜನ ಬಳಿಗೇ ಹೋದರು. 1872ರಲ್ಲಿ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿ ಮುದ್ರಿಸಿದರು. 1894ರಲ್ಲಿ ಅವರ ನಿಘಂಟು ಬಂದಿತು. ಹಳೆಯ, ನಡುವಣ, ಹೊಸ ಎಂಬ ಕನ್ನಡದ ಮೂರು ಅವಸ್ಥೆಗಳನ್ನೂ ಒಳಗೊಂಡ ಅವರ ವ್ಯಾಕರಣ ಪ್ರಕಟವಾದದ್ದು 1903ರಲ್ಲಿ, ಅವರು ತೀರಿಕೊಂಡ ವರ್ಷ. ಇಳಿದು ಬಂದ ದಿನದಿಂದ ಲೆಕ್ಕ ಹಾಕಿದರೆ ಐವತ್ತು ವರ್ಷ.

ಅಜ್ಜಿಯ ವಾಕ್ಯಕ್ಕೆ ಮರಳೋಣ. ‘ಬಲ್ಲೆನು’ ಎಂಬ ಪ್ರಯೋಗ ನಮ್ಮಲ್ಲಿ ಇಲ್ಲದಿಲ್ಲ. ಆದರೂ ದಿನದ ಮಾತಿನಲ್ಲಿ ಹಸಿವು, ಜ್ವರ, ನೆನಪು, ಸಿಟ್ಟುಗಳಂತೆ ಭಾಷೆಯೂ ‘ನನಗೆ’ ಬರುವಂಥದು. ಬರುವುದು ಕನ್ನಡ, ಆದ್ದರಿಂದ ಕರ್ತೃವೂ ಕನ್ನಡವೇ; ನಾನು ಚತುರ್ಥೀ ವಿಭಕ್ತಿಯಲ್ಲಿ ನಿಂತು ಅದನ್ನು ಬರಮಾಡಿಕೊಳ್ಳುವವನು ಮಾತ್ರ. ಸೂತ್ರಗಳನ್ನು ಒಪ್ಪಿಸುತ್ತಿದ್ದ ನನಗೆ ಇದು ಕಾಣಲಿಲ್ಲ, ಏಕೆಂದರೆ ಮನೆಯ ಮಾತನ್ನು ಹೊರಗಿನವನಂತೆ ನಾನು ಎಂದೂ ಪ್ರಶ್ನಿಸಿರಲಿಲ್ಲ. ನಮ್ಮ ತರಗತಿಗಳಲ್ಲಿ ವ್ಯಾಕರಣವೆಂದರೆ ಮಕ್ಕಳು ಬೆದರುವುದೂ ಇದರಿಂದಲೇ ಇರಬೇಕು: ಪ್ರಶ್ನೆ ಹುಟ್ಟುವ ಮೊದಲೇ ನಾವು ಉತ್ತರ ಕೊಟ್ಟುಬಿಡುತ್ತೇವೆ.

ಹೊರಡುವಾಗ ಆ ಹುಡುಗ ಅಜ್ಜಿಯ ಬಳಿಗೆ ಮತ್ತೆ ಹೋದ. “ಅಜ್ಜಿ, ನನಗ ಕನ್ನಡ ಸ್ವಲ್ಪ ಬರ್ತೈತ್ರಿ” ಎಂದ. ಈ ಸಲ ಆಕೆ ನಗಲಿಲ್ಲ. “ಕುಂದ್ರಪಾ” ಎಂದು ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು.