ದೇವಾಲಯದ ಬೀಗದ ಕೈ ಹಿಡಿದವರು

ಶತಮಾನೋತ್ಸವದ ಸ್ಮರಣ ಸಂಚಿಕೆಗಳಲ್ಲಿ ಧರ್ಮಕೇಂದ್ರದ ಗುರುಗಳ ಹೆಸರುಗಳನ್ನು ಅವರವರ ಸೇವಾವಧಿಯೊಡನೆ ಮುದ್ರಿಸುವುದು ರೂಢಿ. ನಸುಕಿನಲ್ಲಿ ಬಾಗಿಲು ತೆರೆದು, ಕಸ ಗುಡಿಸಿ, ದೀಪಕ್ಕೆ ಎಣ್ಣೆಯೆರೆದು, ಗಂಟೆ ಬಾರಿಸಿ, ರಾತ್ರಿ ಬೀಗ ಹಾಕಿಕೊಂಡು ಮನೆಗೆ ತೆರಳುತ್ತಿದ್ದವನ ಹೆಸರು ಅಂಥ ಪಟ್ಟಿಗಳಲ್ಲಿ ಕಾಣಸಿಗುವುದು ವಿರಳ. ಆದಿಕಾಲದ ಧರ್ಮಸಭೆಯು ಈ ಕೆಲಸವನ್ನು ಬರಿಯ ಕೂಲಿಯೆಂದು ಎಣಿಸಿರಲಿಲ್ಲವೆಂಬುದನ್ನು ಭಕ್ತಾದಿಗಳಲ್ಲಿ ಅನೇಕರು ಅರಿಯರು.

ಕ್ರಿ.ಶ. 251ರಲ್ಲಿ ಜಗದ್ಗುರು ಕೊರ್ನೇಲಿಯುಸರು ಅಂತಿಯೋಕ್ಯದ ಧರ್ಮಾಧ್ಯಕ್ಷ ಫಾಬಿಯುಸರಿಗೆ ಬರೆದ ಪತ್ರದ ಭಾಗವೊಂದನ್ನು ಚರಿತ್ರೆಕಾರ ಯೂಸೇಬಿಯುಸನು ಉಳಿಸಿಕೊಟ್ಟಿದ್ದಾನೆ. ರೋಮಾಪುರಿಯ ಧರ್ಮಸಭೆಯಲ್ಲಿ ಆಗ 46 ಗುರುಗಳು, 7 ಸೇವಾದರ್ಶಿಗಳು, 7 ಉಪಸೇವಾದರ್ಶಿಗಳು, 42 ಪೀಠಸೇವಕರು ಇದ್ದರಂತೆ. ಭೂತೋಚ್ಚಾಟಕರು, ವಾಚಕರು, ದ್ವಾರಪಾಲಕರು ಸೇರಿ ಇನ್ನೂ 52 ಮಂದಿ. ಬಾಗಿಲು ಕಾಯುವವನು ಗುರುಗಳಿರುವ ಅದೇ ಪಟ್ಟಿಯಲ್ಲಿದ್ದಾನೆ! ದೇಕಿಯುಸ್ ಚಕ್ರವರ್ತಿಯ ಹಿಂಸೆಯು ಆರಂಭವಾಗಿ ಒಂದೇ ವರ್ಷವಾಗಿತ್ತು. ಒಳಗೆ ಯಾರನ್ನು ಬಿಡಬೇಕು, ಯಾರನ್ನು ಬಿಡಬಾರದು ಎಂಬುದು ಪ್ರಾಣದ ಪ್ರಶ್ನೆಯಾಗಿದ್ದ ಕಾಲವದು.

ಮುಂದೆ ಇದು ಕಿರಿಯ ದೀಕ್ಷೆಗಳಲ್ಲಿ ಮೊದಲನೆಯದಾಯಿತು. ಧರ್ಮಾಧ್ಯಕ್ಷರು ಅಭ್ಯರ್ಥಿಗೆ ಬೀಗದ ಕೈಗಳನ್ನು ಮುಟ್ಟಿಸಿ, ಇವುಗಳ ವಶದಲ್ಲಿರುವ ವಸ್ತುಗಳಿಗೆ ದೇವರಲ್ಲಿ ಲೆಕ್ಕ ಒಪ್ಪಿಸಬೇಕಾದವನಂತೆ ನಡೆದುಕೊಳ್ಳೆಂದು ಎಚ್ಚರಿಸುವರು. ಆತನು ದೇವಾಲಯದ ಬಾಗಿಲನ್ನು ಮುಚ್ಚಿ ತೆರೆದು, ಗಂಟೆಯ ಹಗ್ಗವನ್ನು ಎಳೆಯುವನು. ನಾನು ಗುರುಮಠವನ್ನು ಸೇರುವ ವೇಳೆಗೆ ಈ ವಿಧಿಯು ನಿಂತುಹೋಗಿತ್ತು. ನಮಗೆ ಪಾಠ ಹೇಳಿದ ಹಿರಿಯ ಗುರುಗಳು ಅದನ್ನು ಪಡೆದವರಾಗಿದ್ದರು.

ದೀಕ್ಷೆ ಪಡೆದವರು ಬಾಗಿಲು ಕಾಯಲಿಲ್ಲ, ಬಾಗಿಲು ಕಾದವರಿಗೆ ದೀಕ್ಷೆಯಿರಲಿಲ್ಲ. ಕಾಲಕ್ರಮದಲ್ಲಿ ಒದಗಿದ ಸ್ಥಿತಿಯಿದು. 1563ರಲ್ಲಿ ಟ್ರೆಂಟ್ ಮಹಾಸಭೆಯು ಇದನ್ನು ಸರಿಪಡಿಸಲೆಳಸಿ, ಈ ಸೇವೆಗಳನ್ನು ದೀಕ್ಷೆ ಪಡೆದವರೇ ನಡೆಸಲಿ, ಅವರಿಗೆ ವೇತನವೂ ದೊರೆಯಲಿ, ಅವಿವಾಹಿತರು ಸಿಗದಿದ್ದಲ್ಲಿ ವಿವಾಹಿತರಾದರೂ ಸರಿಯೆಂದು ವಿಧಿಸಿತು. ಅದು ಬಹುಮಟ್ಟಿಗೆ ಕಾಗದದಲ್ಲೇ ಉಳಿಯಿತು. 1972ರಲ್ಲಿ ಜಗದ್ಗುರು ಆರನೆಯ ಪೌಲರು ಈ ದೀಕ್ಷೆಯನ್ನು ಕೈಬಿಟ್ಟರು. ಬಳಕೆಯಲ್ಲಿಲ್ಲದ ಬಿರುದನ್ನು ತೆಗೆದುದು ಯುಕ್ತವೇ, ಕೆಲಸವಂತೂ ನಿಲ್ಲಲಿಲ್ಲ.

ದೀಕ್ಷೆಯಿಲ್ಲದೆ ಬಾಗಿಲು ಕಾದು ಸಂತರಾದವರುಂಟು. ಸ್ಪೇನಿನ ಅಲ್ಫೋನ್ಸುಸ್ ರೊದ್ರಿಗಸ್ ಉಣ್ಣೆಯ ವ್ಯಾಪಾರಿ. ಮಡದಿ ಮಕ್ಕಳನ್ನು ಕಳೆದುಕೊಂಡು, ವ್ಯಾಪಾರವೂ ಕೆಟ್ಟು, ನಡುವಯಸ್ಸಿನಲ್ಲಿ ಯೇಸುಸಭೆಯನ್ನು ಸಹೋದರನಾಗಿ ಸೇರಿದರು. ಮಜೋರ್ಕಾ ದ್ವೀಪದ ವಿದ್ಯಾಲಯದಲ್ಲಿ ದಶಕಗಳ ಕಾಲ ಬಾಗಿಲು ತೆರೆಯುವುದೇ ಅವರ ಕಾಯಕ. ಅಲ್ಲಿ ಓದುತ್ತಿದ್ದ ಪೇತ್ರ ಕ್ಲಾವೇರರನ್ನು ಅಮೆರಿಕಾ ಖಂಡದ ಸೇವೆಗೆ ಪ್ರೇರೇಪಿಸಿದವರು ಈ ದ್ವಾರಪಾಲಕರೇ. ಕ್ಲಾವೇರರು ಕಾರ್ತಹೇನಾ ಬಂದರಿನಲ್ಲಿ ನೀಗ್ರೋ ಗುಲಾಮರ ಸೇವೆಗೆ ಜೀವನವನ್ನೇ ಮುಡಿಪಿಟ್ಟರು. 1888ರಲ್ಲಿ ಇಬ್ಬರಿಗೂ ಒಂದೇ ದಿನ ಸಂತಪದವಿ ದೊರೆಯಿತು. ಬವೇರಿಯದ ಆಲ್ಟೊಟ್ಟಿಂಗಿನಲ್ಲಿ 41 ವರ್ಷ ಬಾಗಿಲು ಕಾದ ಕಪುಚಿನ್ ಸಹೋದರ ಕೊನ್ರಾಡರಿಗೆ 1934ರಲ್ಲಿಯೂ, ಮಾಂಟ್ರಿಯಲಿನ ಸಹೋದರ ಆಂದ್ರೆಯವರಿಗೆ 2010ರಲ್ಲಿಯೂ ಆ ಗೌರವ ಸಂದಿತು.

ಈ ಲೇಖನಕ್ಕಾಗಿ ನಮ್ಮ ಧರ್ಮಕೇಂದ್ರದ ಹಳೆಯ ಲೆಕ್ಕದ ಪುಸ್ತಕಗಳನ್ನು ತಿರುವಿಹಾಕಿದೆನು. ಮೇಣದ ಬತ್ತಿ, ಸುಣ್ಣ, ಗಂಟೆಯ ಹಗ್ಗ ಎಲ್ಲಕ್ಕೂ ಲೆಕ್ಕವಿದೆ. ತಿಂಗಳು ತಿಂಗಳೂ ‘ಗಂಟೆ ಹೊಡೆಯುವವನ ಸಂಬಳ’ ಎಂದಿದೆ; ಹೆಸರೊಂದೂ ಇಲ್ಲ. ಬರೆದವರು ನನ್ನಂಥ ಗುರುಗಳೇ. ತಮ್ಮ ತಂದೆಯೋ ತಾತನೋ ಈ ಸೇವೆ ಮಾಡಿದ್ದರೆಂದು ಬಲ್ಲವರು ದಯವಿಟ್ಟು ಗುರುಮನೆಗೆ ಬಂದು ತಿಳಿಸಬೇಕು. ಆ ಪುಸ್ತಕಗಳ ಅಂಚಿನಲ್ಲಿ ಸಾಕಷ್ಟು ಸ್ಥಳವಿದೆ, ನಾನೇ ಬರೆದಿಡುವೆನು.