ತುಂಗಭದ್ರಾತೀರದ ನಾಟಕಗಳೂ ವಿದ್ಯಾರ್ಥಿರಂಗವೂ

ಹರಿಹರದ ದೇವಾಲಯವನ್ನು ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕನಾದ ಪೋಲಾಳ್ವನು ಕ್ರಿ. ಶ. 1224ರಲ್ಲಿ ಕಟ್ಟಿಸಿದನು. ಅಲ್ಲಿಯ ಮೂರ್ತಿಯ ಬಲಭಾಗವು ಶಿವನದು, ಎಡಭಾಗವು ವಿಷ್ಣುವಿನದು. ಎರಡು ಮತಗಳ ಲಕ್ಷಣಗಳು ಅಳಿಯದೆ ಒಂದೇ ವಿಗ್ರಹದಲ್ಲಿ ನೆಲೆಗೊಂಡಿರುವ ಈ ಕ್ಷೇತ್ರದ ಸುತ್ತಣ ಸೀಮೆಯಲ್ಲಿ ನಾಟಕಕಲೆಯೂ ನಾನಾ ಭಾಷೆಗಳ ಸಂಪರ್ಕದಿಂದಲೇ ಬೆಳೆಯಿತೆಂಬುದು ವಿಚಾರಯೋಗ್ಯವಾದ ಸಂಗತಿ. ಇಂದು ವಿಶ್ವವಿದ್ಯಾನಿಲಯಗಳ ವಿದ್ಯಾರ್ಥಿಗಳು ಹಲವು ಭಾಷೆಗಳ, ಹಲವು ದೇಶಗಳ ನಾಟಕಗಳನ್ನು ಆಡುವುದನ್ನು ಕೆಲವರು ಹೊಸ ಕಾಲದ ವಿನೋದವೆಂದು ಎಣಿಸುವರು. ಮತ್ತೆ ಕೆಲವರು ಅದರಿಂದ ಕನ್ನಡದ ಸ್ವತ್ವಕ್ಕೆ ಹಾನಿಯೆಂದು ಶಂಕಿಸುವರು. ಪೂರ್ವಚರಿತ್ರೆಯನ್ನು ನೋಡಿದರೆ ಈ ಎರಡು ಎಣಿಕೆಗಳೂ ನಿಲ್ಲುವುದಿಲ್ಲ.

ಬ್ರಿಟಿಷರ ಕಾಲದಲ್ಲಿ ದಾವಣಗೆರೆ ಹರಿಹರಗಳು ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದುವು. ಹರಿಹರದಲ್ಲಿ ಹೊಳೆಯನ್ನು ದಾಟಿದರೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. ದಾವಣಗೆರೆಯಿಂದ ಉತ್ತರಕ್ಕೆ ನಡೆದರೆ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಗೆ ಒಳಪಟ್ಟಿದ್ದ ಹರಪನಹಳ್ಳಿ. ಹೀಗೆ ಮೂರು ಆಡಳಿತಗಳು ಕೂಡುವ ಎಡೆಯಲ್ಲಿ ಈ ಎರಡು ಊರುಗಳು ಇದ್ದುವು. 1868ರಲ್ಲಿ ಹರಿಹರದ ಬಳಿ ತುಂಗಭದ್ರೆಗೆ ಸೇತುವೆಯಾಯಿತು. ಆ ಶತಮಾನ ಮುಗಿಯುವುದರೊಳಗೆ ರೈಲುಮಾರ್ಗವೂ ಬಂದಿತು. ಹತ್ತಿಯ ಮೂಟೆಗಳು ಸಾಗಿದ ದಾರಿಯಲ್ಲಿಯೇ ನಾಟಕದ ಪರದೆಗಳೂ ಪೆಟ್ಟಿಗೆಗಳೂ ಸಾಗಿದುವು.

ಉತ್ತರದಿಂದ ಬಂದುದು ಮರಾಠಿಯ ಪ್ರಭಾವ. ಆದರೆ ಅದರ ಮೂಲವನ್ನು ಅರಸಿದರೆ ಕನ್ನಡವೇ ಎದುರಾಗುವುದು. ಉತ್ತರ ಕನ್ನಡದ ಕರ್ಕಿಯ ಭಾಗವತಮೇಳವು 1842ರಲ್ಲಿ ಸಾಂಗಲಿಯ ಆಸ್ಥಾನದಲ್ಲಿ ಆಟವಾಡಿತು. ಅದನ್ನು ಕಂಡ ಪ್ರೇರಣೆಯಿಂದ ವಿಷ್ಣುದಾಸ ಭಾವೆಯವರು ಮರುವರ್ಷವೇ ‘ಸೀತಾಸ್ವಯಂವರ’ವನ್ನು ಆಡಿಸಿ ಮರಾಠಿ ರಂಗಭೂಮಿಗೆ ತಳಹದಿ ಹಾಕಿದರು. ಮುಂದೆ ಮರಾಠಿ ಮಂಡಲಿಗಳು ಧಾರವಾಡ ಸೀಮೆಯಲ್ಲೆಲ್ಲ ಜನಾನುರಾಗವನ್ನು ಪಡೆಯಲು, ಗದಗಿನಲ್ಲಿ ಉಪಾಧ್ಯಾಯರಾಗಿದ್ದ ಶಾಂತಕವಿಗಳು, ಎಂದರೆ ಸಕ್ಕರಿ ಬಾಳಾಚಾರ್ಯರು, 1870ರ ದಶಕದಲ್ಲಿ ಕನ್ನಡ ನಾಟಕಮಂಡಲಿಯನ್ನು ಕಟ್ಟಿದರು. ನೆರೆಯವರ ಏಳಿಗೆಯನ್ನು ನೋಡಿ ಹಳಿಯುತ್ತ ಕೂರದೆ ತಮ್ಮ ಭಾಷೆಯಲ್ಲಿ ನಾಟಕವನ್ನು ರಚಿಸಿ ಆಡಿಸಿದುದೇ ಅವರ ದೊಡ್ಡತನ. 1880ರಲ್ಲಿ ಪುಣೆಯಲ್ಲಿ ‘ಶಾಕುಂತಲ’ವನ್ನು ಪ್ರಯೋಗಿಸಿ ಮರಾಠಿ ಸಂಗೀತನಾಟಕಕ್ಕೆ ಕೀರ್ತಿ ತಂದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದುದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಉದ್ಯಮಿಗಳಾದ ಲಕ್ಷ್ಮಣರಾವ್ ಕಿರ್ಲೋಸ್ಕರರ ಜನ್ಮಸ್ಥಳವೂ ಅದೇ ಊರು. ಅವರ ಮನೆತನದ ಹೆಸರನ್ನು ಹೊತ್ತ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು 1941ರಲ್ಲಿ ಹರಿಹರದಲ್ಲಿ ಸ್ಥಾಪಿತವಾಯಿತು.

ಪೂರ್ವದ ಬಳ್ಳಾರಿಯಲ್ಲಿ ತೆಲುಗಿಗೂ ಕನ್ನಡಕ್ಕೂ ನೆರೆಹೊರೆಯ ಬಳಕೆಯಿದ್ದಿತು. ಅಲ್ಲಿ ಧರ್ಮವರಂ ಕೃಷ್ಣಮಾಚಾರ್ಯರು ನಾಟಕಗಳನ್ನು ಬರೆದು ಆಡಿಸಿದರು. ಅದೇ ಊರಿನ ವಕೀಲರಾದ ಬಳ್ಳಾರಿ ರಾಘವರು ತೆಲುಗು, ಕನ್ನಡ, ಇಂಗ್ಲಿಷು ಈ ಮೂರು ಭಾಷೆಗಳಲ್ಲಿಯೂ ಅಭಿನಯಿಸಿ ಹೆಸರಾದರು. ದಕ್ಷಿಣದ ಮೈಸೂರಿನಲ್ಲಿ ಅರಮನೆಯ ಆಶ್ರಯವಿದ್ದಿತು. ಅಲ್ಲಿ ಬಸವಪ್ಪಶಾಸ್ತ್ರಿಗಳು ಕಾಳಿದಾಸನ ಶಾಕುಂತಲವನ್ನು ಕನ್ನಡಿಸಿ ‘ಅಭಿನವ ಕಾಳಿದಾಸ’ರೆನಿಸಿಕೊಂಡರು, ಷೇಕ್ಸ್‌ಪಿಯರನ ‘ಒಥೆಲೊ’ವನ್ನು ‘ಶೂರಸೇನ ಚರಿತ್ರೆ’ಯಾಗಿ ಮಾರ್ಪಡಿಸಿದರು.

ಈ ಪ್ರವಾಹಗಳಿಂದ ನೀರುಂಡು ಬೆಳೆದುದು ವೃತ್ತಿ ರಂಗಭೂಮಿ. ದಾವಣಗೆರೆಯು ಅದರ ದೊಡ್ಡ ನೆಲೆಗಳಲ್ಲಿ ಒಂದಾಯಿತು. ಚಿಂದೋಡಿ ವೀರಪ್ಪನವರ ಮನೆತನವೂ ಅವರ ಮಗಳು ಚಿಂದೋಡಿ ಲೀಲಾ ಅವರೂ ನಡೆಸಿದ ಕೆ. ಬಿ. ಆರ್. ನಾಟಕ ಕಂಪನಿಯು ನಾಡಿನಾದ್ಯಂತ ಬಿಡಾರ ಹೂಡಿತು. ಲೀಲಾ ಅವರಿಗೆ 1988ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ಆದರೆ ಕಂಪನಿಯ ನಾಟಕಕ್ಕೆ ಒಂದು ಕಟ್ಟುಂಟು. ಆ ದಿನದ ಟಿಕೆಟ್ಟಿನ ಹಣದಿಂದಲೇ ನಟರ ಊಟ, ಬಾಡಿಗೆ, ದೀಪದ ಖರ್ಚು ಎಲ್ಲವೂ ನಡೆಯಬೇಕು. ಜನರಿಗೆ ಒಗ್ಗದ ನಾಟಕವನ್ನು ಎರಡು ರಾತ್ರಿ ಆಡಿದರೆ ಮೂರನೆಯ ದಿನ ಬಿಡಾರವನ್ನು ಕೀಳಬೇಕಾಗುವುದು. ಆದಕಾರಣ ಅಪರಿಚಿತವಾದ ಕೃತಿಯನ್ನು ಪರೀಕ್ಷಿಸಿ ನೋಡುವ ಸ್ವಾತಂತ್ರ್ಯವು ಮತ್ತೊಬ್ಬರಿಗೆ ಮೀಸಲಾಗಿದ್ದಿತು. ಅವರೇ ವಿದ್ಯಾರ್ಥಿಗಳೂ ವಿದ್ಯಾವಂತರಾದ ಹವ್ಯಾಸಿಗಳೂ.

1909ರಲ್ಲಿ ಬೆಂಗಳೂರಿನಲ್ಲಿ ಅಮೆಚೂರ್ ಡ್ರಾಮಾಟಿಕ್ ಅಸೋಸಿಯೇಷನ್ ಹುಟ್ಟಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾಗಿ ಬೆಂಗಳೂರಿನ ಸೆಂಟ್ರಲ್ ಕಾಲೇಜೂ ಮೈಸೂರಿನ ಮಹಾರಾಜಾ ಕಾಲೇಜೂ ಅದರ ಅಂಗಗಳಾದುವು. ತರಗತಿಯಲ್ಲಿ ಷೇಕ್ಸ್‌ಪಿಯರನನ್ನೂ ಕಾಳಿದಾಸನನ್ನೂ ಒಟ್ಟಿಗೆ ಓದುತ್ತಿದ್ದ ತರುಣರಿಗೆ, ಇವು ಕನ್ನಡದಲ್ಲಿ ನುಡಿದರೆ ಹೇಗಿರಬಹುದೆಂಬ ಕುತೂಹಲ ಹುಟ್ಟಿದುದು ಸಹಜ. ಲಂಡನ್ನಿನಲ್ಲಿ ಭೂಗರ್ಭಶಾಸ್ತ್ರವನ್ನು ಓದಿ ಬಂದ ಕೈಲಾಸಂ ಅವರು ‘ಟೊಳ್ಳು ಗಟ್ಟಿ’ಯಲ್ಲಿ ಬರಿಯ ಪರೀಕ್ಷೆಯ ವಿದ್ಯೆಯನ್ನು ಹಾಸ್ಯಕ್ಕೆ ಈಡುಮಾಡಿ, ಮನೆಮಾತಿನ ಕನ್ನಡವನ್ನೇ ರಂಗಕ್ಕೆ ತಂದರು. ಮಹಾರಾಜಾ ಕಾಲೇಜಿನಲ್ಲಿ ಓದಿ ಅಲ್ಲಿಯೇ ಅಧ್ಯಾಪಕರಾದ ಕುವೆಂಪು ಅವರು 1930ರ ಸುಮಾರಿನಲ್ಲಿ ‘ಟೆಂಪೆಸ್ಟ್’ ನಾಟಕವನ್ನು ‘ಬಿರುಗಾಳಿ’ಯಾಗಿಯೂ, ‘ಹ್ಯಾಮ್ಲೆಟ್’ ನಾಟಕವನ್ನು ಬಿದನೂರಿನ ಹಿನ್ನೆಲೆಯಲ್ಲಿ ‘ರಕ್ತಾಕ್ಷಿ’ಯಾಗಿಯೂ ರೂಪಾಂತರಿಸಿದರು. ಹೊಳೆಯಾಚೆಯ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಸಂಸ್ಕೃತದ ಪ್ರಾಧ್ಯಾಪಕರಾಗಿದ್ದ ಶ್ರೀರಂಗರು ಹೊಸ ಸಮಾಜದ ಪ್ರಶ್ನೆಗಳನ್ನೇ ನಾಟಕವಸ್ತುವನ್ನಾಗಿ ಮಾಡಿದರು.

ಇವರೆಲ್ಲರಲ್ಲಿ ಇಂಗ್ಲಿಷಿನ ಅಧ್ಯಾಪಕರಾಗಿದ್ದ ಬಿ. ಎಂ. ಶ್ರೀಕಂಠಯ್ಯನವರ ಎರಡು ಕೃತಿಗಳು ಪ್ರಕೃತ ವಿಷಯಕ್ಕೆ ಹೆಚ್ಚಾಗಿ ಸಲ್ಲುತ್ತವೆ. 1929ರ ‘ಅಶ್ವತ್ಥಾಮನ್’ ಗ್ರೀಕರ ಸೊಫೋಕ್ಲಿಸನ ‘ಏಜಾಕ್ಸ್’ ನಾಟಕವನ್ನು ಅನುಸರಿಸಿದುದು. ಅದರಲ್ಲಿ ಗ್ರೀಕ್ ವೀರನ ಸ್ಥಾನಕ್ಕೆ ಮಹಾಭಾರತದ ವೀರನು ಬಂದಿರುವನು. ಚಿರಂಜೀವಿಯೆಂದು ಪ್ರಸಿದ್ಧನಾದವನು ಇಲ್ಲಿ ಪ್ರಾಣ ಬಿಡುವನು. ಪರದೇಶದ ರುದ್ರನಾಟಕವು ಕನ್ನಡಕ್ಕೆ ಬಂದು ಕನ್ನಡಿಗರ ನಂಬಿಕೆಯನ್ನೇ ಪ್ರಶ್ನಿಸಿತು. 1935ರ ‘ಪಾರಸಿಕರು’ ಎಂಬುದಾದರೋ ಈಸ್ಕಿಲಸನ ನಾಟಕದ ಭಾಷಾಂತರ. ಇದರಲ್ಲಿ ಹೆಸರುಗಳಾಗಲಿ ದೇಶವಾಗಲಿ ಬದಲಾಗಿಲ್ಲ. ಕ್ರಿ. ಪೂ. 480ರಲ್ಲಿ ಸಲಾಮಿಸಿನ ಕಡಲಕದನದಲ್ಲಿ ಪಾರಸಿಕರು ಸೋತರು. ಎಂಟು ವರ್ಷಗಳ ತರುವಾಯ ಅಥೆನ್ಸಿನಲ್ಲಿ ಈ ನಾಟಕವಾಯಿತು. ಗೆದ್ದವರ ಊರಿನಲ್ಲಿ, ಗೆದ್ದವರ ಎದುರಿನಲ್ಲಿ, ಸೋತ ಶತ್ರುವಿನ ಅರಮನೆಯ ಅಳಲನ್ನು ಕವಿಯು ತೋರಿಸಿದನು. ಸ್ವತಃ ಪಾರಸಿಕರೊಡನೆ ಹೋರಾಡಿದ್ದವನು ಅವರ ರಾಜಮಾತೆಯ ದುಃಖಕ್ಕೆ ಮಾತು ಕೊಟ್ಟನೆಂಬುದನ್ನು ನೆನೆದರೆ, ನಾಟಕದಿಂದ ಮನುಷ್ಯನಿಗೆ ದೊರೆಯಬಹುದಾದ ಶಿಕ್ಷಣವೇನೆಂಬುದು ಬೇರೆ ಹೇಳಬೇಕಾಗಿಲ್ಲ. ಬಳಿಗೆ ಕರೆದು ತಮ್ಮ ಉಡುಗೆ ತೊಡಿಸುವುದು ಒಂದು ಬಗೆ; ಅವರು ಇದ್ದಂತೆಯೇ ಅವರ ಮಾತನ್ನು ಕೇಳುವುದು ಇನ್ನೊಂದು ಬಗೆ. ಕನ್ನಡಕ್ಕೆ ಎರಡೂ ಬೇಕಾದುವು. ಎರಡರಿಂದಲೂ ಕನ್ನಡದ ಶಕ್ತಿ ಹೆಚ್ಚಿತು.

ಸ್ವಾತಂತ್ರ್ಯಾನಂತರ ಈ ಕೆಲಸವು ನಗರಗಳಿಂದ ಹೊರಕ್ಕೆ ಹರಡಿತು. 1949ರಲ್ಲಿ ಹೆಗ್ಗೋಡಿನಲ್ಲಿ ಹುಟ್ಟಿದ ನೀನಾಸಂ ಸಂಸ್ಥೆಯು 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನು ತೆರೆದು, 1985ರಿಂದ ‘ತಿರುಗಾಟ’ದ ಮೂಲಕ ದೇಶವಿದೇಶದ ನಾಟಕಗಳನ್ನು ಸಣ್ಣ ಊರುಗಳಿಗೂ ಮುಟ್ಟಿಸಿತು. ಚಿತ್ರದುರ್ಗ ಜಿಲ್ಲೆಯ ಸಾಣೇಹಳ್ಳಿಯಲ್ಲಿ 1997ರಲ್ಲಿ ‘ಶಿವಸಂಚಾರ’ವು ಹೊರಟಿತು. ಅದೇ ವರ್ಷ ದಾವಣಗೆರೆಯು ಪ್ರತ್ಯೇಕ ಜಿಲ್ಲೆಯಾಯಿತು. ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿ 1979ರಲ್ಲಿ ಆರಂಭವಾಗಿ, ಬಳಿಕ ಕುವೆಂಪು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದ ಇಲ್ಲಿಯ ವಿದ್ಯಾಸಂಸ್ಥೆಯು 2009ರಲ್ಲಿ ದಾವಣಗೆರೆ ವಿಶ್ವವಿದ್ಯಾನಿಲಯವಾಯಿತು. ಸಾಣೇಹಳ್ಳಿಯ ಜಿಲ್ಲೆಯೂ ಅದರ ವ್ಯಾಪ್ತಿಗೆ ಸೇರಿದುದು.

1954ರಲ್ಲಿ ದೆಹಲಿಯಲ್ಲಿ ಅಂತರವಿಶ್ವವಿದ್ಯಾನಿಲಯ ಯುವಜನೋತ್ಸವವು ಮೊದಲಾದಂದಿನಿಂದ ನಾನಾ ಭಾಷೆಗಳ ವಿದ್ಯಾರ್ಥಿಗಳು ಒಂದೇ ವೇದಿಕೆಯನ್ನು ಏರುವ ಪದ್ಧತಿ ಬಂದಿದೆ. ಇದು ಸಂತೋಷದ ವಿಷಯವೇ. ಆದರೆ ಉತ್ಸವದಲ್ಲಿ ಒಂದು ಅಪಾಯವೂ ಅಡಗಿದೆ. ಬಹುಮಾನಕ್ಕಾಗಿ ಕಲಿತ ಅರ್ಧ ಗಂಟೆಯ ಏಕಾಂಕವು ಬಹುಮಾನದೊಡನೆಯೇ ಮರೆತುಹೋಗುವುದು. ಒಂದು ನಾಡಿನವರ ವೇಷವನ್ನು ಮತ್ತೊಂದು ನಾಡಿನವರು ನೋಡಿ ಚಪ್ಪಾಳೆ ತಟ್ಟಿದ ಮಾತ್ರದಿಂದ ಪರಿಚಯವಾಯಿತೆಂದು ಹೇಳಲಾಗದು. ಶಾಂತಕವಿಗಳೂ ಶ್ರೀಕಂಠಯ್ಯನವರೂ ವೇಷವನ್ನು ತಂದವರಲ್ಲ, ಮಾತನ್ನು ತಂದವರು. ಒಂದೊಂದು ವಾಕ್ಯಕ್ಕೂ ಕನ್ನಡದಲ್ಲಿ ಎಡೆ ಹುಡುಕಿದ ಶ್ರಮವೇ ಅವರ ನಿಜವಾದ ಸಂಪಾದನೆ.

ದಾವಣಗೆರೆಯ ಕಾಲೇಜುಗಳಲ್ಲಿ ಮನೆಯೊಳಗೆ ಉರ್ದು, ಲಂಬಾಣಿ, ತೆಲುಗು, ಮರಾಠಿಗಳನ್ನು ಆಡುವ ಮಕ್ಕಳು ಕನ್ನಡದ ಮಕ್ಕಳೊಡನೆ ಒಂದೇ ಬೆಂಚಿನಲ್ಲಿ ಕುಳಿತು ಓದುವರು. ಅವರಿಗೆ ಮನೆಮಾತು ಕಾಲೇಜಿನ ಬಾಗಿಲಲ್ಲಿ ಬಿಟ್ಟುಬರಬೇಕಾದ ವಸ್ತುವಾಗಬಾರದು. ಕನ್ನಡವು ಹೊರಗಿನವರದೆಂಬ ಭಾವನೆಯೂ ಹುಟ್ಟಬಾರದು. ಒಂದು ಅವಧಿಯುದ್ದಕ್ಕೂ ಒಂದು ನಾಟಕವನ್ನು ಎತ್ತಿಕೊಂಡು, ಮೂಲವನ್ನು ಬಲ್ಲವನು ಅರ್ಥ ಹೇಳಲು, ಕನ್ನಡವನ್ನು ಬಲ್ಲವನು ಮಾತು ಕೂಡಿಸಲು, ಇಬ್ಬರೂ ಸೇರಿ ಪಾತ್ರ ವಹಿಸಿದರೆ, ಅಲ್ಲಿ ಆಗುವ ವಿದ್ಯಾಭ್ಯಾಸವನ್ನು ಯಾವ ಪಠ್ಯಪುಸ್ತಕವೂ ಕೊಡಲಾರದು. ಇದಕ್ಕೆ ದೊಡ್ಡ ರಂಗಮಂದಿರವಾಗಲಿ ಹೇರಳವಾದ ಹಣವಾಗಲಿ ಅವಶ್ಯವಲ್ಲ. ಒಬ್ಬ ಶ್ರದ್ಧಾವಂತ ಅಧ್ಯಾಪಕನೂ ಸಂಜೆಯ ಬಿಡುವೂ ಸಾಕು. ಕಂಪನಿಗಳ ಊರಾದ ದಾವಣಗೆರೆಗೆ ನಾಟಕವನ್ನು ನೋಡುವ ಅಭ್ಯಾಸವು ಮೊದಲಿನಿಂದಲೂ ಇದೆ. ಆ ಪ್ರೇಕ್ಷಕರ ಎದುರಿಗೆ ತಮ್ಮ ನೆರೆಯವರ ಕಥೆಗಳನ್ನು ತಿಳಿಗನ್ನಡದಲ್ಲಿ ನಿಲ್ಲಿಸುವ ಭಾರವು ಈಗ ಇಲ್ಲಿಯ ವಿದ್ಯಾರ್ಥಿಗಳ ಮೇಲಿದೆ.